ಹಣ್ಣಿನ ನೊಣವೂ ನಮ್ಮ ಅತ್ತೆಯ ಅಟ್ಟವೂ

ಹೋದ ವಾರ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬಟ್ಟಲು ಇಟ್ಟೆ. ಅದರಲ್ಲಿ ಎರಡು ಚಮಚ ವಿನೆಗರ್, ಚಿಟಿಕೆ ಸಕ್ಕರೆ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಸೂಜಿಯಿಂದ ತೂತು ಮಾಡಿದ್ದೂ ಆಯಿತು. ಹಣ್ಣಿನ ನೊಣಗಳು ವಾಸನೆಗೆ ಸೋತು ಒಳಗೆ ಹೋಗಬೇಕು, ಹೊರಗೆ ಬರುವ ದಾರಿ ತಿಳಿಯದೆ ಮುಳುಗಬೇಕು. ಮೊಬೈಲಿನಲ್ಲಿ ಹಾಗೆ ತೋರಿಸಿದ್ದರು. ನಮ್ಮ ಮನೆಯ ನೊಣಗಳು ಮೊಬೈಲ್ ನೋಡಿದಂತೆ ಕಾಣಲಿಲ್ಲ. ಸಂಜೆಯವರೆಗೂ ಬಟ್ಟಲಿನ ಅಂಚಿನಲ್ಲಿ ಕುಳಿತು ಕಾಲು ಉಜ್ಜಿಕೊಂಡವು. ನಡುನಡುವೆ ಬಾಳೆಹಣ್ಣಿನ ಕಡೆಗೆ ಒಂದು ಸುತ್ತು ಹೋಗಿಬಂದವು.

ನೀವು ನಗಬಹುದು. ನಗುವ ಹಕ್ಕು ನಿಮಗಿದೆ, ಏಕೆಂದರೆ ಯಾರ ಮನೆಗೆ ಹೋದರೂ ಮೊದಲು ಸಿಂಕಿನ ಕಡೆಗೆ ಕಣ್ಣು ಹಾಯಿಸುವ ಹೆಂಗಸು ನಾನು. ಆದರೆ ಆ ಹುಳಿ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಮಾಡಿದ ಕೆಲಸ ಬೇರೆ. ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷವಾದರೂ ಮೈ ಆ ಕಳ್ಳತನವನ್ನು ಮರೆತಿಲ್ಲ.

ಮದುವೆಯಾಗಿ ನಾನು ಹೋದದ್ದು ತುರುವೇಕೆರೆಗೆ, ಒಂದು ಹೆಂಚಿನ ಮನೆಗೆ. ಆ ಮನೆಗೂ ಪಕ್ಕದ ಮುಮ್ತಾಜಮ್ಮನವರ ಮನೆಗೂ ನಡುವೆ ಒಂದೇ ಗೋಡೆ. ಅದೂ ಸೂರಿನವರೆಗೆ ಏರದೆ ಆಳೆತ್ತರಕ್ಕೆ ಸ್ವಲ್ಪ ಮೇಲೆ ನಿಂತುಬಿಟ್ಟಿತ್ತು. ಮುಮ್ತಾಜಮ್ಮ ಹೊಲಿಗೆ ಮಾಡುವವರು, ಊರಿನ ಅರ್ಧ ರವಿಕೆಗಳು ಅವರ ಮೆಷಿನ್ನಿನಿಂದಲೇ ಹೊರಟವು. ಅವರಿಗೂ ನಮ್ಮ ಅತ್ತೆ ಗಿರಿಜಮ್ಮನವರಿಗೂ ಅದೆಷ್ಟು ವರ್ಷದ ಗೆಳೆತನವೋ. ಆ ಗೋಡೆಯ ಮೇಲಿಂದ ಸಾರು ಬರುತ್ತಿತ್ತು, ಸುದ್ದಿ ಹೋಗುತ್ತಿತ್ತು. ಮಧ್ಯಾಹ್ನ ಅತ್ತೆ ಮಲಗಿದಾಗ ನಾನು ಪಕ್ಕದ ಮನೆಗೆ ಹೋಗಿ ಮೆಷಿನ್ ತುಳಿಯುವುದನ್ನು ಕಲಿಯುತ್ತಿದ್ದೆ. ಹೊಸ ಊರಿನಲ್ಲಿ ನನಗೆ ಉಸಿರಾಡಲು ಇದ್ದ ಜಾಗ ಅದೊಂದೇ.

ನಮ್ಮ ಅತ್ತೆಯ ಹೆಮ್ಮೆಯೆಲ್ಲ ಅಟ್ಟದಲ್ಲಿತ್ತು. ನಮ್ಮ ಕಡೆ ಕೊಬ್ಬರಿ ಹೇಗಾಗುತ್ತದೆಂದು ನಿಮಗೆ ಗೊತ್ತಿರಬಹುದು. ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಅವುಗಳ ಪಾಡಿಗೆ ಬಿಟ್ಟುಬಿಡುವುದು. ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಸದ್ದು ಮಾಡುವವರೆಗೆ ಯಾರೂ ಕೈಯಾಡಿಸುವ ಹಾಗಿಲ್ಲ. ಒಂದು ಕಾಯಿ ಕೊಳೆತರೂ ಅದು ಮನೆಯ ಹೆಂಗಸಿನ ಅಜಾಗರೂಕತೆ ಎಂದು ಬೀದಿ ತೀರ್ಮಾನಿಸುತ್ತಿತ್ತು. ಅತ್ತೆ ಕಾಯಿ ಏರಿಸುವ ಮೊದಲು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. "ನಮ್ಮ ಅಟ್ಟದಲ್ಲಿ ಕೊಳ್ತ ಕಾಯಿ ಕಂಡೋರು ಇನ್ನೂ ಹುಟ್ಟಿಲ್ಲ" ಎನ್ನುವ ಮಾತು ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ಸಿಗುತ್ತಿತ್ತು.

ನನ್ನ ಸಮಸ್ಯೆ ದೋಸೆಯದು. ಮದುವೆಯಾದ ಮೂರನೇ ದಿನ ನಾನು ಹುಯ್ದ ದೋಸೆಯನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದು ಎಳೆದರು. "ದೋಸೆ ಚೆನ್ನಾಗೇ ಐತೆ ಕಣಮ್ಮ. ಹರಿಯಾಕೆ ಇನ್ನೊಬ್ರು ಬೇಕು, ಅಷ್ಟೇ" ಎಂದರು. ನಮ್ಮವರು ತಟ್ಟೆಯಿಂದ ತಲೆ ಎತ್ತದೆ ನಕ್ಕರು. ಆ ನಗುವಿಗೆ ನಾನು ಇವತ್ತಿಗೂ ಅವರನ್ನು ಪೂರ್ತಿ ಕ್ಷಮಿಸಿಲ್ಲ.

ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ತವರಿನಲ್ಲಿ ಅಜ್ಜಿಗೆ ಒಂದು ಉಪಾಯ ಗೊತ್ತಿತ್ತು. ಚಟ್ನಿಗೆ ಕಾಯಿ ಒಡೆದಾಗ ಬರುವ ನೀರನ್ನು ಬೆಲ್ಲದ ಚೂರು ಹಾಕಿ ಹುಳಿ ಬರಿಸಿ ಹಿಟ್ಟಿಗೆ ಬೆರೆಸಿದರೆ ದೋಸೆ ಹತ್ತಿಯಂತೆ ಬರುತ್ತದೆ. ಆದರೆ ಹುಳಿ ಬಂದ ಕಾಯಿನೀರು ಹೆಂಡದ ಹಾಗೆ ನಾರುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ, ಬಂದು ಐದು ತಿಂಗಳಾಗದ ಸೊಸೆ. ಬಚ್ಚಿಡದೆ ಬೇರೆ ದಾರಿ ಇರಲಿಲ್ಲ. ಮನೆಯಲ್ಲಿ ವರ್ಷವಿಡೀ ಯಾರೂ ಕೈಹಾಕದ ಜಾಗ ಒಂದೇ ಇತ್ತಲ್ಲ, ಅಲ್ಲಿಗೇ ಒಂದು ಮಣ್ಣಿನ ಕುಡಿಕೆಯನ್ನು ಸಾಗಿಸಿದೆ. ಬಾಯಿಗೆ ಬಟ್ಟೆ ಕಟ್ಟಿ ಕಾಯಿಗಳ ನಡುವೆ ಕೂರಿಸಿದೆ. ಕುಡಿಕೆ ಇಟ್ಟ ಮೂರನೇ ದಿನದ ದೋಸೆಯನ್ನು ಅತ್ತೆ ಒಂದೂ ಮಾತಾಡದೆ ಮೂರು ತಿಂದರು. ನಾನು ಒಲೆಯ ಕಡೆ ಮುಖ ಮಾಡಿ ಗೆದ್ದವಳ ನಗು ನಕ್ಕೆ. ಮತ್ತೊಂದು ಸಲಕ್ಕೆಂದು ಕುಡಿಕೆಗೆ ಹೊಸ ನೀರು, ಹೊಸ ಬೆಲ್ಲ ಹಾಕಿಟ್ಟೆ.

ಅಷ್ಟರಲ್ಲಿ ಆಷಾಢ ಬಂತು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು. ಅಣ್ಣ ಬಂದ, ನಾನು ಕುಣಿದುಕೊಂಡು ತವರಿಗೆ ಹೊರಟೆ. ಕುಡಿಕೆ ನೆನಪಿಗೇ ಬರಲಿಲ್ಲ.

ಶ್ರಾವಣಕ್ಕೆ ವಾಪಸು ಬಂದಾಗ ಮನೆಯಲ್ಲಿ ನನಗಿಂತ ಮೊದಲು ಬಂದು ನೆಲೆಸಿದವರಿದ್ದರು. ಹಾಲಿನ ಲೋಟದ ಮೇಲೆ, ದೇವರ ಮುಂದಿನ ಬಾಳೆಹಣ್ಣಿನ ಮೇಲೆ, ಮಾತಾಡಲು ತೆರೆದ ಬಾಯಿಯ ಸುತ್ತ, ಎಲ್ಲೆಲ್ಲೂ ಸಾಸಿವೆ ಗಾತ್ರದ ನೊಣ. ಪಕ್ಕದ ಮನೆಯಲ್ಲಿ ಮುಮ್ತಾಜಮ್ಮ ಕೊನೆಯ ಸುಗ್ಗಿಯ ಮಾವಿನಕಾಯಿ ತಂದು ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ್ದರು. ಬಾಣಂತನಕ್ಕೆ ಬರುವ ಮಗಳು ಹಣ್ಣು ಕೇಳಿದ್ದಳಂತೆ. ಅಪರಾಧಿ ಯಾರೆಂದು ಅತ್ತೆ ಆಗಲೇ ನಿಶ್ಚಯಿಸಿಬಿಟ್ಟಿದ್ದರು.

ಮೊದಲ ಹಂತದಲ್ಲಿ ಹೊಗೆ. ಅತ್ತೆ ತೆಂಗಿನ ಮಟ್ಟೆ ಸುಟ್ಟು ಮನೆಯೆಲ್ಲ ಹೊಗೆ ಹಾಕಿದರು. ನೊಣಗಳು ಗೋಡೆಯ ಮೇಲಿಂದ ಪಕ್ಕದ ಮನೆಗೆ ಹೋದವು. ಸಂಜೆ ಮುಮ್ತಾಜಮ್ಮ ಲೋಬಾನದ ಹೊಗೆ ಹಾಕಿದರು, ನೊಣಗಳು ನಮ್ಮ ಮನೆಗೆ ಬಂದವು. ಮರುದಿನ ಅತ್ತೆ ಬೇವಿನ ಸೊಪ್ಪು ಸೇರಿಸಿದರು, ಅವರು ಲೋಬಾನ ಹೆಚ್ಚಿಸಿದರು. ಒಂದು ವಾರ ಎರಡು ಮನೆಯ ಮನುಷ್ಯರೂ ಕೆಮ್ಮುತ್ತ ಬದುಕಿದೆವು. ನೊಣಗಳಿಗೆ ಮಾತ್ರ ಬೆಳಗ್ಗೆ ಒಂದು ಮನೆ, ಸಂಜೆ ಒಂದು ಮನೆಯಾಗಿ ಬೇಸರ ಕಳೆಯಿತು.

ಎರಡನೇ ಹಂತದಲ್ಲಿ ಮಾತು. "ಆ ಮಾವಿನ್‌ಹಣ್ಣು ತೆಗೆದು ಅತ್ಲಾಗೆ ಬಿಸಾಕು ಮುಮ್ತಾಜು. ದೇವ್ರಿಗೆ ಎಡೆ ಇಡಂಗಿಲ್ಲ ಮನೇಲಿ" ಎಂದು ಅತ್ತೆ ಗೋಡೆಯ ಈ ಕಡೆಯಿಂದ ಹೇಳಿದರು.

"ನನ್ ಹಣ್ಣಿಗೆ ಇನ್ನೂ ಬಣ್ಣಾನೇ ಬಂದಿಲ್ಲ ಗಿರಿಜಕ್ಕ. ನಿಮ್ ಅಟ್ಟದಲ್ಲೇ ಯಾವ್ದೋ ಕಾಯಿ ಕೊಳ್ತಿರ್ಬೇಕು, ನೋಡ್ಸಿ."

ಅಲ್ಲಿಗೆ ಮುಗಿಯಿತು. ಬೇರೆ ಯಾವ ಬೈಗುಳವನ್ನಾದರೂ ಅತ್ತೆ ನುಂಗಿಕೊಳ್ಳುತ್ತಿದ್ದರೇನೋ. ಗೋಡೆಯ ಮೇಲಿನ ಸಾರು ನಿಂತಿತು, ಸುದ್ದಿ ನಿಂತಿತು, ನನ್ನ ಮಧ್ಯಾಹ್ನದ ಹೊಲಿಗೆ ನಿಂತಿತು. ಮುಮ್ತಾಜಮ್ಮ ಹಟಕ್ಕೆ ಬಿದ್ದು ಮಗಳಿಗೆಂದು ಇಟ್ಟಿದ್ದ ಮಾವನ್ನೆಲ್ಲ ದೋರುಗಾಯಿ ಇರುವಾಗಲೇ ಬೀದಿಯವರಿಗೆ ಹಂಚಿಬಿಟ್ಟರು. ಖಾಲಿ ಬುಟ್ಟಿಯನ್ನು ನಮ್ಮ ಬಾಗಿಲಿಗೆ ಕಾಣುವ ಹಾಗೆ ಜಗಲಿಯ ಮೇಲೆ ಮಗುಚಿಟ್ಟರು. ನೊಣ ಕಡಿಮೆಯಾಗಲಿಲ್ಲ. ಆ ಬುಟ್ಟಿಯನ್ನು ನೋಡಿದಾಗಲೇ ನನಗೆ ಕುಡಿಕೆ ನೆನಪಾದದ್ದು.

ಹೇಳಬೇಕಿತ್ತು. ಹೇಳಲಿಲ್ಲ. ನಾಲ್ಕು ದಿನ ಹೇಳಲಿಲ್ಲ. ಹೇಳಿದರೆ ಮುಮ್ತಾಜಮ್ಮ ಸಿಗುತ್ತಾರೆ, ಆದರೆ ಬೀದಿಯಲ್ಲಿ ನನ್ನ ಹೆಸರು ಹೆಂಡದ ಕುಡಿಕೆಯ ಜೊತೆ ಶಾಶ್ವತವಾಗಿ ಸೇರಿಹೋಗುತ್ತದೆ. ಹೇಡಿತನವನ್ನು ನಾನು ಆಗ ಮುಂದಾಲೋಚನೆ ಎಂದು ಕರೆದುಕೊಂಡೆ.

ಶ್ರಾವಣ ಸೋಮವಾರ ಅತ್ತೆ ದೇವಸ್ಥಾನಕ್ಕೆ ಹೊರಟ ಮೇಲೆ ಏಣಿ ಹಾಕಿ ಅಟ್ಟ ಹತ್ತಿದೆ. ಕುಡಿಕೆಯ ಬಟ್ಟೆ ಜಾರಿಬಿದ್ದಿತ್ತು. ಒಳಗೆ ಮರಿಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಕೈ ಚಾಚಿದ್ದೇ ತಡ, ನೊಣಗಳು ಮುಖಕ್ಕೆ ಮುತ್ತಿದವು. ಉಸಿರು ಬಿಗಿಹಿಡಿದು, ಕುಡಿಕೆ ಅಪ್ಪಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ತಿರುಗಿದರೆ ಅತ್ತೆ ನಿಂತಿದ್ದಾರೆ. ಬಿಲ್ವಪತ್ರೆ ಮರೆತು ಅರ್ಧದಾರಿಯಿಂದ ವಾಪಸು ಬಂದಿದ್ದರು.

"ಏನಮ್ಮ ಅದು?"

"ಕಾಯಿನೀರು ಅತ್ತೆ."

"ಅಟ್ಟದ ಮೇಲ್ಯಾಕೆ?"

"ದೋಸೆಗೆ."

ಅತ್ತೆ ಕುಡಿಕೆಯೊಳಗೆ ಬಗ್ಗಿ ನೋಡಿದರು, ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಅವತ್ತು ಮೂರು ತಿಂದ್ನಲ್ಲ, ಇದ್ರದ್ದೇನಾ?" ಎಂದರು. ಹೂಂ ಎಂದೆ. "ಥೂ, ಅದಕ್ಕೇ ಅವತ್ತು ಮಧ್ಯಾಹ್ನ ಅಂಗೆ ನಿದ್ದೆ ಬಂದಿತ್ತು" ಎಂದರು.

ಇಬ್ಬರೂ ಸೇರಿ ಕುಡಿಕೆಯನ್ನು ಹಿತ್ತಿಲಿನಲ್ಲಿ ಗುಂಡಿ ತೋಡಿ ಹೂತು, ಮೇಲೆ ಕುದಿಯುವ ನೀರು ಸುರಿದೆವು. ಮುಮ್ತಾಜಮ್ಮನಿಗೆ ನಾನೇ ಹೋಗಿ ಹೇಳುತ್ತೇನೆಂದೆ. "ನೀನು ಸುಮ್ಕಿರು. ಬೀದಿ ಬಾಯಿಗೆ ಬಿದ್ರೆ ನಿನ್ ಹೆಸ್ರು ಮೇಲೆ ಏಳಾಕಿಲ್ಲ" ಎಂದು ಅತ್ತೆ ಕೈ ತೊಳೆದುಕೊಂಡು ಗೋಡೆಯ ಹತ್ತಿರ ಹೋದರು.

"ಮುಮ್ತಾಜು, ನೀನ್ ಏಳಿದ್ದೇ ದಿಟ ಕಣೇ. ಅಟ್ಟದಲ್ಲಿ ಕಾಯಿ ಕೊಳ್ತಿತ್ತು. ಈಗ ತೆಗೆದು ಹೂತೆ. ನಿನ್ ಹಣ್ಣು ದಂಡ ಮಾಡ್ಸಿದೆ, ಮನಸ್ಸಿಗೆ ಅಚ್ಕೋಬೇಡ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಆ ಮಾತಿಗೆ ಅವರು ತೆತ್ತದ್ದೇನೆಂದು ಅವತ್ತು ನನಗೆ ಅರ್ಧವೂ ತಿಳಿದಿರಲಿಲ್ಲ. ನಾಲ್ಕು ದಿನಕ್ಕೆ ನೊಣ ಹೋದವು. ಸಾರು ಮಾತ್ರ ಅವತ್ತು ಸಂಜೆಯೊಳಗೇ ಗೋಡೆಯ ಮೇಲಿಂದ ಬಂತು. ಕೊಬ್ಬರಿ ನೋಡಲು ಬಂದ ವ್ಯಾಪಾರಿ, "ಈ ಸಲ ಅಟ್ಟದಲ್ಲಿ ಕೊಳ್ತಿತ್ತಂತಲ್ಲ ಗಿರಿಜಮ್ಮಾರೆ" ಎಂದು ಹಲ್ಲು ಬಿಟ್ಟ. "ಊಂ ಕಣಪ್ಪ, ವಯಸ್ಸಾಯ್ತು, ಕಿವಿ ಮಂದ" ಎಂದರು ಅತ್ತೆ. ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತಿದ್ದ ಕಿವಿ ಅದು. ನೆಂಟರಿಗೆ ಕಾಫಿಯ ಜೊತೆ ಕೊಡುತ್ತಿದ್ದ ಆ ಮಾತನ್ನು ಅವರು ಮತ್ತೆಂದೂ ಆಡಲಿಲ್ಲ.

ಅತ್ತೆ ಹೋಗಿ ಆರು ವರ್ಷವಾಯಿತು. ಈಗ ನಾವು ತಿಪಟೂರಿನಲ್ಲಿದ್ದೇವೆ, ನಮ್ಮ ಮನೆಗೆ ಅಟ್ಟವಿಲ್ಲ. ವಿನೆಗರ್ ಬಟ್ಟಲು ಇಟ್ಟ ವಾರವೇ, ಭಾನುವಾರ, ತುರುವೇಕೆರೆಯ ಬಸ್ಸು ಹತ್ತಿ ಮುಮ್ತಾಜಮ್ಮನವರ ಮನೆಗೆ ಹೋದೆ. ಕಣ್ಣು ಮಂಜಾಗಿದೆ, ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿದ್ದಾರೆ. ಕುಡಿಕೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ.

"ಆಯಮ್ಮನ ಹತ್ರ ಜನ್ಮದಲ್ಲಿ ಒಂದ್ಸಲ ಗೆದ್ದಿದ್ದೆ ಅನ್ಕೊಂಡಿದ್ನಲ್ಲೇ. ಅದೂ ಕಿತ್ಕೊಂಡ್ಯಾ" ಎಂದು ಮುಮ್ತಾಜಮ್ಮ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಬೇರೆ ಯಾರ್ಗೂ ಏಳ್ಬೇಡ ಬುಡು. ಅಕ್ಕ ನಿನ್ ಮರ್ಯಾದೆ ಉಳ್ಸಾಕೆ ಏಳಿದ್ದು, ಅಂಗೇ ಇರ್ಲಿ" ಎಂದರು.

ಆಗಲಿ ಎಂದು ಒಪ್ಪಿಕೊಂಡೇ ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಮನಸ್ಸು ಒಪ್ಪಲಿಲ್ಲ. ನನ್ನ ಮರ್ಯಾದೆಗೆ ಈಗ ಐವತ್ತರ ಹತ್ತಿರ ವಯಸ್ಸು, ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದು. ಆದ್ದರಿಂದ ಕೊಟ್ಟ ಮಾತು ಮುರಿದು ನಿಮಗೆ ಹೇಳುತ್ತಿದ್ದೇನೆ, ನೀವು ಹತ್ತು ಜನಕ್ಕೆ ಹೇಳಿ. ಆ ವರ್ಷ ನಮ್ಮ ಅತ್ತೆಯ ಅಟ್ಟದಲ್ಲಿ ಒಂದು ಕಾಯಿಯೂ ಕೊಳೆತಿರಲಿಲ್ಲ.