ಬೇರು ಸಮೇತ ಬಂದ ಕೂದಲು

ಅದನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಅಂಗಡಿಯ ಬಾಗಿಲಲ್ಲಿ ನಿಂತು, ಬಿಸಿಲಿಗೆ ಹಿಡಿದು. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿಯ ದಲಾಲಿ ಅಂಗಡಿ. ಯಾವ ಮಾಲು ಬಂದರೂ ಬೆಳಕಿಗೆ ಹಿಡಿಯದೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಅವತ್ತು ನನ್ನ ಬೆರಳ ನಡುವೆ ಇದ್ದದ್ದು ಕಾಯಿಯಲ್ಲ, ನನ್ನದೇ ತಲೆಯ ಕೂದಲು. ಅದರ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ. ಬಾಚಣಿಕೆಯಿಂದ ಇನ್ನೊಂದು ಎಳೆದು ನೋಡಿದೆ. ಅದರಲ್ಲೂ ಚುಕ್ಕೆ. ಮತ್ತೊಂದು, ಮಗದೊಂದು. ಎಲ್ಲದರಲ್ಲೂ ಇತ್ತು! ಹೊಲದಲ್ಲಿ ಬೆಳೆದವನಿಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಿಡ ಮುರಿದರೆ ಚಿಗುರುತ್ತದೆ. ಬೇರು ಸಮೇತ ಕಿತ್ತು ಬಂದರೆ ಕಥೆ ಮುಗಿಯಿತು.

ನನಗಾಗ ಇಪ್ಪತ್ತನಾಲ್ಕು ವರ್ಷ. ಲಗ್ನ ನಿಶ್ಚಯವಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಹುಡುಗಿ ಕುಪ್ಪೇಲೂರಿನವಳು, ಹಾವೇರಿಯಲ್ಲಿದ್ದು ಶಿಕ್ಷಕರ ತರಬೇತಿ ಓದುತ್ತಿದ್ದಳು. ನೋಡಲು ಹೋದ ದಿನ ಚಹಾ ಕೊಡುತ್ತ, ನಮ್ಮ ಹಿರಿಯರೆಲ್ಲ ಕೂತಿರುವಾಗಲೇ, "ಸಕ್ರಿ ಕಡಿಮಿ ಆಗಿದ್ರ ಈಗ ಹೇಳ್ರಿ, ಆಮ್ಯಾಲೆ ಹೊರಗ ಹೋಗಿ ಹೇಳಬ್ಯಾಡ್ರಿ" ಎಂದಿದ್ದಳು. ಅಷ್ಟು ಸಾಕಾಯಿತು. ನಾನು ಅಲ್ಲೇ ಸೋತುಹೋದೆ. ಅವರ ಕಡೆಯಿಂದಲೂ ಒಪ್ಪಿಗೆ ಬಂತು. ನನ್ನ ಫೋಟೊ ನೋಡಿ ಅವಳ ಅಜ್ಜಿ, "ಹುಡುಗನ ಕೂದಲ ಏನ ಚಂದ ಐತಿ!" ಎಂದರಂತೆ. ಸಂಬಂಧ ತಂದ ಸೋದರಮಾವ ಈ ಮಾತು ಬಂದು ಹೇಳಿದಾಗ ನಾನು ಗಾಳಿಯಲ್ಲಿ ತೇಲಿದ್ದೆ. ಈಗ ಅದೇ ಮಾತು ಕುತ್ತಿಗೆಗೆ ಬಂದಿತ್ತು. ಫೋಟೊದಲ್ಲಿದ್ದ ಮಾಲು ಒಂದು, ಲಗ್ನಕ್ಕೆ ಹೋಗುವ ಮಾಲು ಇನ್ನೊಂದು!

ನಮ್ಮಪ್ಪನ ತಲೆಯೂ ಬೋಳೇ. ಆದರೆ ಅದು ಹಣೆಯಿಂದ ಶುರುವಾಗಿ, ವರ್ಷಕ್ಕಿಷ್ಟು ಎಂದು ಮರ್ಯಾದೆಯಿಂದ ಹಿಂದಕ್ಕೆ ಸರಿದದ್ದು. ನನ್ನದು ಹಾಗಲ್ಲ. ಮುಂದಲೆ ಇದ್ದಲ್ಲೇ ಇತ್ತು, ನೆತ್ತಿಯಲ್ಲಿ ಬೊಕ್ಕವಿರಲಿಲ್ಲ. ಇಡೀ ತಲೆಯೇ ಒಮ್ಮೆಲೇ ತೆಳ್ಳಗಾಗುತ್ತಿತ್ತು. ದಿಂಬಿನ ಮೇಲೆ ಕೂದಲು, ರೊಟ್ಟಿಯ ತಾಟಿನಲ್ಲಿ ಕೂದಲು, ಅಂಗಿಯ ಕಾಲರಿನಲ್ಲಿ ಕೂದಲು.

ಕಾರಣ ಹೇಳುವವರಿಗೇನು ಬರ? ಅವ್ವ ಮೊದಲ ದಿನವೇ ತೀರ್ಪು ಕೊಟ್ಟಳು: "ಮೆಣಸಿನಕಾಯಿ ಘಾಟು, ಮತ್ತೇನಲ್ಲ. ಹಗಲೆಲ್ಲ ಅದರಾಗ ಕುಂತ್ರ ತಲಿ ಉಳದೀತೇನು?" ನಾನು ಹುಟ್ಟಾ ಅವಸರದ ಮನುಷ್ಯ. ಮರುದಿನ ಬೆಳಗ್ಗೆಯೇ ಪೇಟೆಗೆ ಹೋಗಿ, ಚೀಲ ಹೊರುವ ಹಮಾಲರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ತಲೆಯ ಟವೆಲ್ ಬಿಚ್ಚಿಸಿದೆ. ಅವರು ಘಾಟಿನಲ್ಲೇ ಮುಳುಗೇಳುವವರು. ಒಬ್ಬೊಬ್ಬರದೂ ದಟ್ಟ ಕೂದಲು, ಬೆರಳು ಹೋಗದಂಥದು! ಖುಷಿಯಿಂದ ಮನೆಗೆ ಓಡಿ ಬಂದು ಅವ್ವನಿಗೆ, "ಘಾಟು ಅಲ್ಲ ಬೇ, ಘಾಟು ಅಲ್ಲ!" ಎಂದು ಕೂಗಿದೆ. ಕೂಗಿದ ಮೇಲೆ ಹೊಳೆಯಿತು, ಹಾಗಾದರೆ ಏನು ಎಂಬುದು ಗೊತ್ತಾಗಿರಲಿಲ್ಲ.

ಕ್ಷೌರದಂಗಡಿಯವನು ಬೋರಿನ ಸವಳು ನೀರನ್ನು ದೂರಿದ. ಒಂದು ವಾರ ಸೋದರಮಾವನ ಬಾವಿಗೆ ಹೋಗಿ ಸಿಹಿನೀರು ಸುರುವಿಕೊಂಡೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ಗೆಳೆಯ ಫೋನಿನಲ್ಲೇ, "ಹೆಲ್ಮೆಟ್ ಹಾಕಬ್ಯಾಡಲೇ" ಎಂದ. ನನ್ನ ಬಳಿ ಹೆಲ್ಮೆಟ್ಟೇ ಇರಲಿಲ್ಲ! ಕಡೆಗೆ ನನ್ನ ಬುದ್ಧಿಯನ್ನೇ ನಂಬಿದೆ. ಬೇರು ಸಡಿಲವಾದ ಗಿಡವನ್ನು ಯಾರೂ ಅಲುಗಾಡಿಸುವುದಿಲ್ಲ, ಬುಡದಲ್ಲಿ ನೀರು ನಿಲ್ಲಲು ಬಿಡುವುದಿಲ್ಲ. ತಲೆಯನ್ನೂ ಹಾಗೇ ನೋಡಿಕೊಳ್ಳಬೇಕೆಂದು ನಿರ್ಧರಿಸಿ, ಬಾಚುವುದನ್ನೂ ತಲೆಗೆ ನೀರು ಹಾಕುವುದನ್ನೂ ಬಿಟ್ಟೆ. ಒಂಬತ್ತು ದಿನ! ಉದುರುವುದು ಕಡಿಮೆಯಾದಂತೆ ಕಂಡು ಒಳಗೊಳಗೇ ಮೀಸೆ ತಿರುವಿದೆ. ಹತ್ತನೆಯ ದಿನ ವಾಸನೆ ತಡೆಯಲಾರದೆ ಅವ್ವ ನನ್ನನ್ನು ಬಚ್ಚಲಿಗೆ ದಬ್ಬಿ ಸೀಗೆಕಾಯಿ ಹಾಕಿ ತಿಕ್ಕಿದಳು. ಒಂಬತ್ತು ದಿನ ತಲೆಯಲ್ಲೇ ಕೂತಿದ್ದ ಉದುರುಗೂದಲು ಒಮ್ಮೆಗೇ ಇಳಿಯಿತು. ಬಚ್ಚಲ ತೂಬು ಕಟ್ಟಿಕೊಂಡು ನೀರು ನಿಂತಿತು. ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು.

"ಲಗ್ನ ಆಗೋಮಟ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಳು ಆಮೇಲೆ. ಬಿಡುವ ಅಗತ್ಯವೂ ಬೀಳಲಿಲ್ಲ. ಸುಗ್ಗಿ ಶುರುವಾಗಿತ್ತು. ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಯಲ್ಲಿ ಟವೆಲ್ ಸುತ್ತದ ಗಂಡಸಿಲ್ಲ, ಘಾಟಿಗೆ ತಲೆ, ಮೂಗು ಎರಡೂ ಮುಚ್ಚಬೇಕು. ಆ ವರ್ಷ ನನ್ನಷ್ಟು ಶಿಸ್ತಿನಿಂದ ಸುತ್ತಿದವರು ಯಾರೂ ಇರಲಿಲ್ಲ. ಬೀಗರಾಗುವವರು, ಅಂದರೆ ಹುಡುಗಿಯ ಅಪ್ಪ, ಒಮ್ಮೆ ಅಂಗಡಿಗೆ ಬಂದವರು, ಊಟದ ಹೊತ್ತಿನಲ್ಲೂ ನಾನು ಟವೆಲ್ ಬಿಚ್ಚದ್ದನ್ನು ಕಂಡು, "ಅಳಿಯಾರು ಭಾಳ ಕಷ್ಟಜೀವಿ" ಎಂದು ಹೊಗಳಿ ಹೋದರು. ನನಗೆ ನಾಚಿಕೆಯಾಯಿತು.

ಆ ನಾಚಿಕೆಯೇ ನನ್ನನ್ನು ರಾಣೆಬೆನ್ನೂರಿನ ಚರ್ಮದ ಡಾಕ್ಟರ ಬಳಿ ಎಳೆದೊಯ್ದಿತು. ನಾನು ಬರಿಗೈಯಲ್ಲಿ ಹೋಗಲಿಲ್ಲ. ನಮೂನೆ ತೋರಿಸದೆ ನಮ್ಮಲ್ಲಿ ಮಾತೇ ಇಲ್ಲ. ಮೆಣಸಿನಕಾಯಿಯ ನಮೂನೆ ಹಾಕುವ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನದ ಕೂದಲು ತುಂಬಿ, ಬಾಯಿ ಕಟ್ಟಿ ಅವರ ಮೇಜಿನ ಮೇಲಿಟ್ಟೆ. ಡಾಕ್ಟರು ಬಿಚ್ಚಿದ್ದೇ ತಡ, ಚೀಲದಲ್ಲಿ ಉಳಿದಿದ್ದ ಹಳೆಯ ಖಾರದ ಪುಡಿ ಮೂಗಿಗೆ ಹೋಗಿ ನಾಲ್ಕು ಸಲ ಸೀನಿದರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ತಲೆಯನ್ನು ಎಲ್ಲ ಕಡೆಯಿಂದ ನೋಡಿ, ಪ್ರಶ್ನೆ ಶುರು ಮಾಡಿದರು.

"ಊಟಾ ಬಿಟ್ಟಿದ್ದೇನ? ತೂಕ ಇಳದೈತೇನ? ಬ್ಯಾರೆ ಯಾವರ ಗುಳಿಗಿ ನಡದಾವೇನ? ಮನಿಯಾಗ ಯಾರಿಗರ ಥೈರಾಯ್ಡ್ ಐತೇನ? ಮೂರ ತಿಂಗಳ ಹಿಂದ ಏನಾಗಿತ್ತು?"

"ಏನೂ ಆಗಿಲ್ರಿ ಸರ್."

"ಜ್ವರ?"

"ಇಲ್ರಿ."

"ಚಿಕುನ್‌ಗುನ್ಯಾ ಬಂದಿರಲಿಲ್ಲೇನ?"

"ಅದು ಎಲ್ಲಾರಿಗೂ ಬಂದಿತ್ತಲ್ರಿ!"

ಡಾಕ್ಟರು ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸುಳ್ಳು ಹೇಳಿರಲಿಲ್ಲ. ಆ ಮಳೆಗಾಲದಲ್ಲಿ ಊರಿಗೆ ಊರೇ ಕೀಲು ಹಿಡಿದು ಮಲಗಿತ್ತು. ಗೋಡೆ ಹಿಡಿದು ನಡೆಯದವರು ನಮ್ಮ ಓಣಿಯಲ್ಲಿ ಇರಲಿಲ್ಲ. ನಾನೂ ಎಂಟು ದಿನ ಬೆಂಕಿಯಂಥ ಜ್ವರದಲ್ಲಿ ಬಿದ್ದಿದ್ದೆ, ಆಮೇಲೆ ತಿಂಗಳಿಡೀ ಬರೀ ಗಂಜಿ ಕುಡಿದಿದ್ದೆ. ಆದರೆ ಎಲ್ಲರಿಗೂ ಬಂದದ್ದು ನನಗೇ ಆದದ್ದೆಂದು ಅನ್ನಿಸಿರಲೇ ಇಲ್ಲ.

"ಅದ ನೋಡು ತಮ್ಮಾ," ಎಂದರು ಅವರು. "ಜ್ವರಾ ಜೋರಾದಾಗ ಬೆಳಿಯೋ ಕೂದಲಾ ಅರ್ಧಕ್ಕ ನಿಂತುಬಿಡತಾವ. ನಿಂತದ್ದು ಲಗೂನ ಬೀಳಂಗಿಲ್ಲ. ಎರಡ ಮೂರ ತಿಂಗಳ ಹಂಗ ಕುಂತು, ಆಮ್ಯಾಲೆ ಜಾಗಾ ಖಾಲಿ ಮಾಡತಾವ. ಅದಕ್ಕ ಯಾರಿಗೂ ಜ್ವರದ ನೆನಪ ಆಗಂಗಿಲ್ಲ. ಮ್ಯಾಲೆ ನೀ ಗಂಜಿ ಕುಡಕೋತ ಕುಂತಿ."

"ಮತ್ತ ಬೇರು ಕಿತ್ತು ಬಂದಾವಲ್ರಿ ಸರ್!"

"ಆ ಬಿಳೀ ಚುಕ್ಕಿ ಬೇರಲ್ಲೋ. ಬೇರು ಒಳಗ ಐತಿ. ಇದು ಹಣ್ಣಾಗಿ ತಾನ ಬಿದ್ದದ್ದು, ಕಿತ್ತು ಬಂದದ್ದಲ್ಲ. ಮತ್ತ ಬರತಾವ."

ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಸ್ವಲ್ಪ ಕಡಿಮೆ ಇತ್ತು, ಥೈರಾಯ್ಡ್ ಸರಿ ಇತ್ತು. ರೊಟ್ಟಿಯ ಜೊತೆ ಹೆಸರುಕಾಳು, ಸೊಪ್ಪು ತಪ್ಪದೆ ತಿನ್ನು ಎಂದರು. ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನವರಿಗೂ ಇದನ್ನೆಲ್ಲ ವಿವರಿಸಿದೆ, ಅಷ್ಟು ಹಿಗ್ಗು! ಬ್ಯಾಡಗಿ ಹತ್ತಿರವಾದಂತೆ ಹಿಗ್ಗು ಇಳಿಯಿತು. ಡಾಕ್ಟರು ಹೇಳಿದ್ದು ಸರಿ, ಆದರೆ ಯಾವಾಗ ಬರುತ್ತವೆ? ತಲೆಯಲ್ಲಿ ಒಂದೂ ಮೊಳಕೆ ಕಾಣುತ್ತಿರಲಿಲ್ಲ. ಲಗ್ನಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ.

ಅಷ್ಟರಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಬಂತು. ಮೊದಲ ಪತ್ರಿಕೆಯನ್ನು ಕದರಮಂಡಲಗಿಯ ಆಂಜನೇಯನ ಮುಂದಿಟ್ಟು, ಆಮೇಲೆ ಮಂದಿಗೆ ಹಂಚುವುದು ನಮ್ಮ ಎರಡೂ ಮನೆಗಳ ರೂಢಿ. ಹಂಚಿದ ಮೇಲೆ ಮಾತು ಹಿಂದೆಗೆಯುವುದು ಯಾರಿಗೂ ಆಗದು. ಒಂದು ಶನಿವಾರ ಎರಡೂ ಕಡೆಯವರು ಗುಡಿಯಲ್ಲಿ ಸೇರಿದೆವು. ನಾನು ಟವೆಲ್ ಸುತ್ತಿಕೊಂಡೇ ಹೋಗಿದ್ದೆ. ಅವಳು ಹಸಿರು ಸೀರೆಯುಟ್ಟು ಬಂದಿದ್ದಳು. ಬೆನ್ನ ತುಂಬ ಉದ್ದನೆಯ ಜಡೆ, ಅದರ ತುಂಬ ಮಲ್ಲಿಗೆ. ಆ ಜಡೆ ನೋಡಿ ನಾನು ಟವೆಲನ್ನು ಇನ್ನಷ್ಟು ಬಿಗಿದುಕೊಂಡೆ.

"ದೇವರ ಮುಂದ ತಲಿ ಮ್ಯಾಲಿಂದು ತಗೀರಿ" ಎಂದರು ಪೂಜಾರಿಗಳು.

ಅವ್ವ ನನ್ನ ಕಡೆ ನೋಡಿದಳು. ನಾನು ಬಿಚ್ಚಿದೆ. ಹುಡುಗಿಯ ಅಜ್ಜಿಗೆ ಕಣ್ಣು ಮಂಜು ಎಂದು ಕೇಳಿದ್ದೆ. ಎಲ್ಲಿಯ ಮಂಜು! "ಅಯ್ಯ, ಹುಡುಗನ ತಲಿ ಯಾಕ ಹಿಂಗಾಗೇತಿ?" ಎಂದು ಇಡೀ ಗುಡಿಗೆ ಕೇಳುವಂತೆ ಕೇಳಿದರು. ಬೀಗರ ಕೈ ಪತ್ರಿಕೆಯ ಮೇಲೇ ನಿಂತಿತು. ನಮ್ಮಪ್ಪ ಕೆಮ್ಮಿದ. ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ:

"ಚಿಕುನ್‌ಗುನ್ಯಾದಿಂದ ಉದರಾಕತ್ತಾವ್ರಿ. ಎರಡ ತಿಂಗಳಾತು. ಮುಚ್ಚಿಟ್ಟಿದ್ದೆ, ತಪ್ಪಾತು. ಮತ್ತ ಬರತಾವ ಅಂತ ಡಾಕ್ಟರು ಹೇಳ್ಯಾರ, ಆದ್ರ ಇನ್ನೂ ಬಂದಿಲ್ಲ. ಬ್ಯಾಡ ಅನ್ನೂದಿದ್ರ ಈಗ ಹೇಳ್ರಿ, ಪತ್ರಿಕೆ ಇಡೂದಕ್ಕಿಂತ ಮೊದಲ."

ಹೇಳಿದ್ದು ಬೀಗರಿಗೆ, ನೋಡಿದ್ದು ಅವಳನ್ನು. ಅವಳು ತಲೆ ತಗ್ಗಿಸಿಕೊಂಡು ಕುತ್ತಿಗೆಯ ಹಿಂದೆ ಕೈ ಹಾಕಿದಳು. ಅವಳ ತಾಯಿ ಗಾಬರಿಯಿಂದ, "ಏ, ಬ್ಯಾಡ!" ಎಂದರು. ಅಷ್ಟರಲ್ಲಿ ಜಡೆ ಕೈಗೆ ಬಂದಿತ್ತು, ಮಲ್ಲಿಗೆಯ ಸಮೇತ. ಅದು ಚೌರಿ, ತೆಳುವಾದ ಜಡೆಗೆ ಸೇರಿಸಿ ಹೆಣೆಯುವ ಸುಳ್ಳು ಕೂದಲು! ಅದನ್ನು ಪತ್ರಿಕೆಗಳ ಪಕ್ಕದಲ್ಲಿಟ್ಟಳು. ಹಿಂದೆ ಉಳಿದದ್ದು ಗೇಣುದ್ದದ, ಇಲಿಯ ಬಾಲದಂಥ ಜಡೆ.

"ನನಗೂ ಆ ಜ್ವರಾ ಬಂದಿತ್ರಿ, ನಿಮಗಿಂತ ಮೊದಲ," ಎಂದಳು. "ನೀವು ನೋಡಾಕ ಬಂದ ದಿನಾನೂ ಇದನ್ನ ಹಾಕ್ಕೊಂಡಿದ್ದೆ. ಅವತ್ತ ಹೇಳಬೇಕಿತ್ತು."

ಆಮೇಲೆ ಅವಳು ಹಣೆಯ ಮೇಲಿನ ಕೂದಲನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ, "ಇಲ್ಲಿ ನೋಡ್ರಿ" ಎಂದಳು. ಮಾಲು ನೋಡುವ ಚಾಳಿ ನನ್ನನ್ನು ಬಿಟ್ಟೀತೇ? ಹಿರಿಯರು, ದೇವರು ಎಲ್ಲ ಮರೆತು, ಬಾಗಿಲ ಬೆಳಕು ಬೀಳುವಂತೆ ಪಕ್ಕಕ್ಕೆ ಸರಿದು ಬಗ್ಗಿ ನೋಡಿದೆ. ಹಣೆಯಂಚಿನ ಉದ್ದಕ್ಕೂ ಅರ್ಧ ಬೆರಳುದ್ದದ ಕಪ್ಪು ಮರಿಗೂದಲು ನೆಟ್ಟಗೆ ನಿಂತಿದ್ದವು. ಒಂದೆರಡಲ್ಲ, ಸಾಲುಸಾಲಾಗಿ!

"ಹುಟ್ಯಾವ! ಬೇ, ಹುಟ್ಯಾವ ನೋಡು!" ಎಂದು ಗುಡಿಯಲ್ಲೇ ಕೂಗಿಬಿಟ್ಟೆ. ಡಾಕ್ಟರು ಬಾಯಿಮಾತಿನಲ್ಲಿ ಹೇಳಿದ್ದು ನನ್ನ ಕಣ್ಣೆದುರು ನಿಂತಿತ್ತು. ಅಪ್ಪ ನಕ್ಕ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಬೀಗರು ಪೂಜಾರಿಗಳ ಕೈಗೆ ಪತ್ರಿಕೆ ಕೊಟ್ಟರು.

ತೀರ್ಥ ತೆಗೆದುಕೊಂಡು ಹೊರಗೆ ಚಪ್ಪಲಿ ಮೆಟ್ಟುವಾಗ ಅವಳು ಹತ್ತಿರ ಬಂದು, ಯಾರಿಗೂ ಕೇಳದಂತೆ ಹೇಳಿದಳು: "ಇನ್ನೆರಡ ತಿಂಗಳಿಗೆ ನಿಮ್ಮವೂ ಬರತಾವ. ಬರಲಿಲ್ಲಂದ್ರ ಚೌರಿ ನೀವ ಹಾಕ್ಕೊಳ್ರಿ, ನನಗಿನ್ನ ಬ್ಯಾಡ."