ಸೀತಾಳೆಗೆ ಬಾಯಿತುಂಬ ನೀರು

ಎರಡು ಕೆನ್ನೆಯೂ ಪೂರಿಯ ಹಾಗೆ ಉಬ್ಬಿ, ಕಣ್ಣು ಅರ್ಧ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು ಎದುರುಮನೆಯ ಅಕ್ಕ ಜಗಲಿಯಲ್ಲಿ ನಿಂತಿದ್ದಾರೆ ಅಂದರೆ ನಮ್ಮ ಬೀದಿಗೆ ಬೆಳಗಾಯಿತು ಅಂತಲೇ ಅರ್ಥ. ಮರುಕ್ಷಣ ಫುರ್ ಅಂತ ನೀರು ಹಾರುತ್ತಿತ್ತು. ಇಸ್ತ್ರಿ ಅಂಗಡಿಯವನು ಬಟ್ಟೆಗೆ ಊದುತ್ತಾನಲ್ಲ, ಅಷ್ಟು ಸಣ್ಣ ಹನಿ. ತೊಲೆಗೆ ನೇತುಹಾಕಿದ ಸೀತಾಳೆ ಗಿಡದ ಬಿಳಿ ಬೇರುಗಳು ನೋಡನೋಡುತ್ತಲೇ ಹಸಿರಾಗುತ್ತಿದ್ದವು. ಅದಕ್ಕೆ ಮಣ್ಣಿಲ್ಲ, ಕುಂಡವಿಲ್ಲ. ತೆಂಗಿನ ಸಿಪ್ಪೆಗೆ ಹಳೇ ಸೀರೆಯ ಅಂಚಿನಿಂದ ಕಟ್ಟಿದ್ದರು, ಅಷ್ಟೇ.

ಅರಸೀಕೆರೆಯಲ್ಲಿ ನನ್ನಷ್ಟು ಕೀಟಲೆ ಮಾಡಿದವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳಿದರೆ ಅರ್ಧ ಬಿಟ್ಟುಬಿಡುತ್ತಾರೆ. ಕೊಬ್ಬರಿ ಮಂಡಿಯ ಕೆಲಸಕ್ಕೆ ಹೊರಟವನು, ಅಕ್ಕ ಬಾಯಿತುಂಬ ನೀರು ತುಂಬಿಕೊಳ್ಳುವವರೆಗೂ ಕಾದು, ಆಮೇಲೆ "ಅಕ್ಕಾ, ಟೈಮೆಷ್ಟು?" ಅಂತ ಕೇಳುತ್ತಿದ್ದೆ. ಅವರು ಒಂದು ಕೈ ಎತ್ತಿ ನನ್ನನ್ನು ನಿಲ್ಲಿಸಿ, ಗಿಡಕ್ಕೆ ಊದಿ, ಮತ್ತೆ ಬಾಯಿ ತುಂಬಿಕೊಳ್ಳುತ್ತಿದ್ದರು. ನನಗೆ ಬಸ್ಸು ತಪ್ಪಿದ್ದೂ ಉಂಟು.

ಒಮ್ಮೆ ಹೇಳಿದರು: "ಬಾಯಲ್ಲಿ ನೀರಿದ್ರೆ ಯಾರಿಗೂ ಉತ್ತರ ಕೊಡ್ಬೇಕಾಗಿಲ್ಲ ಮಾರಾಯ. ಅದಕ್ಕೇ ನಾನು ನಿಧಾನ."

ನಾನು ನಕ್ಕೆ. ಅದರಲ್ಲಿ ನಗುವಂಥದ್ದು ಕಡಿಮೆ ಇತ್ತು.

ಅಕ್ಕನ ಗಂಡ ಅರೇಹಳ್ಳಿ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ತೋಟದ ಮನೆ ಬಿಡಬೇಕಾಯಿತು. ಒಂದು ಟ್ರಂಕು, ಹಲಸಿನ ಕೊಂಬೆಯ ತುಂಡಿಗೆ ಅಂಟಿಕೊಂಡ ಈ ಗಿಡ, ಎರಡನ್ನೂ ಬಸ್ಸಿನಲ್ಲಿ ತಂದು ತಮ್ಮನ ಮನೆಯಲ್ಲಿ ಇಳಿದರು. ತೊಂಬತ್ತರ ದಶಕದ ಮಾತು. ತಮ್ಮ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಗಿಡವನ್ನು ಕೊಂಬೆಯಿಂದ ಬಿಡಿಸಿ ತೆಂಗಿನ ಸಿಪ್ಪೆಗೆ ಕಟ್ಟಿದರು. ಜಗಲಿಯ ಮೂಡಣ ತೊಲೆ ಗಿಡಕ್ಕೆ, ಅದರ ಕೆಳಗಿನ ಚಾಪೆ ಅಕ್ಕನಿಗೆ ಅಂತಾಯಿತು.

ನಮ್ಮ ಬೋರ್‌ವೆಲ್ ನೀರು ಗಿಡಕ್ಕೆ ಆಗುತ್ತಿರಲಿಲ್ಲ, ಎಲೆಯ ಮೇಲೆ ಸುಣ್ಣ ಕಟ್ಟುತ್ತಿತ್ತು. ಅಕ್ಕ ಸೂರಿನ ಮಳೆನೀರು ಹಿಡಿದು ಇಟ್ಟುಕೊಳ್ಳುತ್ತಿದ್ದರು. ಅಪರೂಪಕ್ಕೆ ಅಕ್ಕಿ ತೊಳೆದ ನೀರನ್ನು ತೆಳ್ಳಗೆ ಮಾಡಿ ಊದುವರು. ಬಿಸಿಲುಗಾಲದಲ್ಲಿ ಸುತ್ತ ಒದ್ದೆ ಗೋಣಿ ಕಟ್ಟುವರು. ಬಾಯಿಂದ ಊದಿದರೆ ಎಂಜಲು ಅಂತ ತಮ್ಮನ ಹೆಂಡತಿ ತುಳಸಿ ಕುಂಡವನ್ನೇ ಜಗಲಿಯಿಂದ ಹಿತ್ತಲಿಗೆ ಸಾಗಿಸಿದರು. ಆಗ ಅಕ್ಕನ ಬಾಯಲ್ಲಿ ನೀರಿತ್ತು.

ಊರಿಗೆ ಬಂದು ಎಷ್ಟೋ ವರ್ಷವಾದರೂ ಗಿಡ ಹೂ ಬಿಡಲಿಲ್ಲ. ನಾನು ಸುಮ್ಮನಿರುತ್ತೇನೆಯೇ? ಬಳೆ ಅಂಗಡಿಯಿಂದ ನೇರಳೆ ಬಣ್ಣದ ಪ್ಲಾಸ್ಟಿಕ್ ಹೂದಂಡೆ ತಂದು ನಸುಕಿನಲ್ಲೇ ಕಟ್ಟಿಬಿಟ್ಟೆ. ಅಕ್ಕ ನೋಡಿದರು, ಮುಟ್ಟಿದರು, ನನ್ನ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಬೀದಿಗೆಲ್ಲ ಮಾತ್ರ ಸುದ್ದಿ ಹಬ್ಬಿಸಿದರು, ಎದುರುಮನೆಯವನು ನಿನ್ನೆ ಗಿಡ ಮುಟ್ಟಿದ, ಇವತ್ತು ಹೂ ಬಂತು, ಅಂಥಾ ಕೈಗುಣ ಅಂತ. ಆಮೇಲೆ ನೋಡಿ, ಬೀದಿಯ ಹೆಂಗಸರು ಒಣಗಿದ ಕರಿಬೇವು, ಸೊರಗಿದ ಮಲ್ಲಿಗೆ, ಎಲ್ಲ ಹೊತ್ತು ನಮ್ಮ ಬಾಗಿಲಿಗೆ ಬರಲು ಶುರು. ಮುಟ್ಟಿ ಮುಟ್ಟಿ ನನಗೆ ಸಾಕಾಯಿತು. ನನ್ನನ್ನು ಕೀಟಲೆಯಲ್ಲಿ ಸೋಲಿಸಿದವರು ಅವರೊಬ್ಬರೇ. ಕೊನೆಗೆ ಆ ದಂಡೆಯನ್ನು ಬಿಚ್ಚಿ ತಂದು ನನ್ನ ಹೆಂಡತಿಗೆ ಕೊಟ್ಟರು: "ಜೋಪಾನವಾಗಿ ಇಟ್ಟಿರಮ್ಮ. ನಿನ್ನ ಗಂಡನಿಗೆ ಮತ್ತೆ ಬೇಕಾಗುತ್ತೆ."

ಮುಂದಿನ ವರ್ಷ ನಿಜವಾಗಿಯೇ ಹೂ ಬಂತು, ನರಿಬಾಲದ ಹಾಗೆ ಇಳಿಬಿದ್ದ ದಂಡೆ. ನನ್ನ ಹೆಂಡತಿ ಮುಡಿಯಲು ಕೇಳಿದಳು. ಅಕ್ಕ ಕೊಡಲಿಲ್ಲ. "ಕಿತ್ರೆ ನಾಳೆಗೆ ಬಾಡುತ್ತೆ ಕಣೇ. ನಾನಂತೂ ಮುಡಿಯೋ ಹಾಗಿಲ್ಲ. ನೋಡಬೇಡ ಅಂತ ಇನ್ನೂ ಯಾರೂ ಅಂದಿಲ್ವಲ್ಲ, ನೋಡ್ತೀನಿ."

ಅದನ್ನೂ ಅಂದರು. ತಮ್ಮನ ಅತ್ತೆ ಗೆಂಡೆಹಳ್ಳಿಯಿಂದ ಬಂದಿದ್ದರು. ಜಗಲಿಯಲ್ಲಿ ಕೂತು, ಬಂದಣಿಕೆ ಮನೆ ಮುಂದೆ ಇರಬಾರದು, ಹತ್ತಿದ ಮರವನ್ನೇ ಒಣಗಿಸುತ್ತೆ ಅಂತ ಬೀದಿಗೆ ಕೇಳುವಂತೆ ಹೇಳಿದರು. ಗಿಡಕ್ಕೆ ಹೇಳಿದ್ದಲ್ಲ ಅಂತ ಎಲ್ಲರಿಗೂ ಗೊತ್ತು. ತಮ್ಮ ಪೇಪರಿನಿಂದ ಮುಖ ಎತ್ತಲಿಲ್ಲ. ಅಕ್ಕ ಬಾಯಲ್ಲಿದ್ದ ನೀರನ್ನು ನಿಧಾನವಾಗಿ ಊದಿ ಮುಗಿಸಿದರು.

"ಬಂದಣಿಕೆ ರಸ ಹೀರುತ್ತೆ ಕಣಮ್ಮ. ಇದು ಬರೀ ಕೂತ್ಕೊಳ್ಳುತ್ತೆ. ಕೂರಕ್ಕೆ ಒಂಚೂರು ಜಾಗ ಕೊಟ್ರೆ ಸಾಕು, ತಿನ್ನಕ್ಕೆ ಏನೂ ಕೇಳಲ್ಲ."

ಆವತ್ತಿನಿಂದ ಅಕ್ಕ ಆ ಮನೆಯಲ್ಲಿ ರಾತ್ರಿಯೂಟ ಬಿಟ್ಟರು. ಅಜೀರ್ಣ ಅಂತ ನೆಪ. ಯಾರೂ ಬಲವಂತ ಮಾಡಲಿಲ್ಲ.

ಆಮೇಲೆ ತಮ್ಮ ಜಗಲಿ ಒಡೆದು ಬಾಡಿಗೆಗೆ ಎರಡು ಮಳಿಗೆ ಕಟ್ಟಿಸಿದರು. ಶಟರ್ ಮೇಲೆ ದೃಷ್ಟಿಗೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟಿದರು, ಅದಕ್ಕೆ ಜಾಗವಿತ್ತು. ಸೀತಾಳೆ ತಾರಸಿಯ ಶೀಟಿನ ರೂಮಿಗೆ ಹೋಯಿತು, ಅಕ್ಕನೂ ಅಲ್ಲಿಗೇ. ಕಾದ ಶೀಟಿನ ಕೆಳಗೆ ಎಲೆಗಳು ಹಳದಿಯಾದಾಗ ಗಿಡವನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ಬಚ್ಚಲ ಕಿಟಕಿಯ ಪಕ್ಕ ಕಟ್ಟಿದೆ. ಹಂಡೆಯ ಹಬೆ ಅದಕ್ಕೆ ಹಿಡಿಸಿತು, ಚಿಗುರಿತು.

"ನೀವೂ ಇಲ್ಲೇ ಇದ್ದುಬಿಡಿ ಅಕ್ಕಾ" ಅಂದೆ. ಜೀವನದಲ್ಲಿ ತಮಾಷೆಯಿಲ್ಲದೆ ಆಡಿದ ಕೆಲವೇ ಮಾತುಗಳಲ್ಲಿ ಅದೊಂದು.

"ಗಿಡ ಬದಲಾಯ್ಸಿದ್ರೆ ಯಾರೂ ಕೇಳಲ್ಲ ಮಾರಾಯ. ನಾನು ಬಂದ್ರೆ ತಮ್ಮನ ಮಾನ ಹೋಗುತ್ತೆ."

ದಿನಾ ಬೆಳಿಗ್ಗೆ ಬಂದು ಊದಿ ಹೋಗುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬರಲಿಲ್ಲ. ಶೀಟಿನ ಕೆಳಗೆ ಜ್ವರ ಬಂದು ಮಲಗಿದವರನ್ನು ಆಸ್ಪತ್ರೆಗೆ ಒಯ್ಯುವಾಗ ತಡವಾಗಿತ್ತು. ನನ್ನಕ್ಕನಿಗೆ ಯಾವುದಕ್ಕೂ ಕಮ್ಮಿ ಮಾಡಲಿಲ್ಲ ಅಂತ ತಮ್ಮ ಬಂದವರಿಗೆಲ್ಲ ಹೇಳಿದರು.

ವೈಕುಂಠ ಸಮಾರಾಧನೆಯ ಹೊತ್ತಿಗೆ ನಮ್ಮ ಬಚ್ಚಲ ಪಕ್ಕ ಸೀತಾಳೆ ಹೂ ಬಿಟ್ಟಿತ್ತು. ಎಂದೂ ಬಾರದ ತಮ್ಮ ಬಂದರು. "ನಮ್ಮಕ್ಕಂಗೆ ಆ ಹೂವು ಅಂದ್ರೆ ಪ್ರಾಣ ಕಣ್ರೀ. ಫೋಟೋಗೆ ಹಾಕ್ಬೇಕು, ಒಂದು ದಂಡೆ ಕಿತ್ಕೊಡಿ."

ಕೊಡೋಣ, ಕೂತಿರಿ ಅಂದು ಒಳಗೆ ಹೋದೆ. ಹೆಂಡತಿ ಕೇಳದೆಯೇ ಬೀರು ತೆಗೆದಳು. ಪ್ಲಾಸ್ಟಿಕ್ ದಂಡೆಯ ಮೇಲೆ ಬಾಯಿತುಂಬ ನೀರು ಊದಿ, ಬಾಳೆಲೆಯಲ್ಲಿ ಸುತ್ತಿ ತಂದುಕೊಟ್ಟೆ. ಊಟಕ್ಕೆ ಬಂದವರು ಹೂವನ್ನು ಹೊಗಳಿದರು. ನಾನು ಎಲೆಯ ಮುಂದೆ ಕೂರದೆ ಹೊರಟು ಬಂದೆ.

ಆ ಫೋಟೋ ಅವರ ಮನೆಯ ಹಾಲ್‌ನಲ್ಲಿ ಈಗಲೂ ಇದೆ, ದಂಡೆಯೂ ಇದೆ. ಇಷ್ಟು ವರ್ಷವಾದರೂ ಈ ಹೂವು ಯಾಕೆ ಬಾಡಿಲ್ಲ ಅಂತ ಆ ಮನೆಯಲ್ಲಿ ಯಾರಿಗೂ ಅನ್ನಿಸಿಲ್ಲ.

ಗಿಡ ನನ್ನ ಹತ್ತಿರವೇ ಇದೆ, ಮಕ್ಕಳುಮರಿಗಳಾಗಿ ನಾಲ್ಕಾರು ಸಿಪ್ಪೆ ಹಬ್ಬಿದೆ. ಹೂ ಕೀಳುವುದಿಲ್ಲ. ಬೆಳಿಗ್ಗೆ ನಾನು ಊದುತ್ತಿರುವಾಗ ಆ ತಮ್ಮ ವಾಕಿಂಗಿಗೆ ಹೊರಟವರು ಗೇಟಿನ ಹತ್ತಿರ ನಿಂತು, ಅಕ್ಕನ ಗಿಡ ಹೇಗಿದೆ, ಚೆನ್ನಾಗಿದೆಯಾ ಅಂತ ಕೇಳುತ್ತಾರೆ.

ಕೈ ಎತ್ತಿ ಅವರನ್ನು ನಿಲ್ಲಿಸುತ್ತೇನೆ. ಊದುತ್ತೇನೆ. ಮತ್ತೆ ಬಾಯಿ ತುಂಬಿಕೊಳ್ಳುತ್ತೇನೆ.