ನೂರಕ್ಕೆಷ್ಟು ಮೇಷ್ಟ್ರು

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ 'ಅನ್ನಿಸುತ್ತೆ' ಎಂಬ ಮಾತೇ ಆಗದು. ಹಾಲು ಒಡೆಯುತ್ತೇನೋ ಅನ್ನಿಸುತ್ತೆ ಎಂದರೆ, "ಅನ್ಸೋದು ಬಿಡಿ ಅಮ್ಮ, ನೂರಕ್ಕೆ ಎಷ್ಟು ಸಲ ಒಡೆದಿದೆ?" ಎನ್ನುತ್ತಾರೆ. ಮಳೆಯಲ್ಲಿ ತೊಯ್ದು ಬಂದರೆ, ತಲೆ ಒರೆಸಿಕೊಳ್ಳುವ ಮೊದಲು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾರೆ. ಬೇರೆ ವಿಷಯ ಓದುವ ಮಕ್ಕಳೂ ಸಂಖ್ಯಾಶಾಸ್ತ್ರವನ್ನು ಉಪವಿಷಯವಾಗಿ ಕಲಿಯಲೆಂದು ಅವರು ವಿಶ್ವವಿದ್ಯಾಲಯಕ್ಕೆ ಕೊಟ್ಟ ಅರ್ಜಿ ಆರು ವರ್ಷವೂ ವಾಪಸು ಬಂತು. "ಆರಕ್ಕೆ ಆರೂ ಹೋಯ್ತಲ್ಲ ಮೇಷ್ಟ್ರೇ" ಎಂದು ಕೆಣಕಿದೆ. "ಆರು ತೀರಾ ಕಡಿಮೆ ಅಮ್ಮ, ಅಷ್ಟರಿಂದ ಏನೂ ಹೇಳೋಕಾಗಲ್ಲ" ಎಂದರು. ಈ ವರ್ಷ ಅವರಿಗೆ ನಿವೃತ್ತಿ. ಇಂದು ಏಳನೆಯ ಅರ್ಜಿ ಹಿಡಿದು ವಿಶ್ವವಿದ್ಯಾಲಯದ ಸಭೆಗೆ ಹೊರಟವರು ಮೆಟ್ಟಿಲ ಮೇಲೆ ನಿಂತು, "ಈ ಸಲ ಆಗುತ್ತೆ ಅನ್ಸುತ್ತಾ ಅಮ್ಮ?" ಎಂದು ಕೇಳಿದರು. ಅನ್ಸುತ್ತೆ ಎಂದೆ. ನೂರಕ್ಕೆ ಎಷ್ಟು ಎಂದು ಅವರು ಕೇಳಲಿಲ್ಲ.